ಕರೆಂಟ್ ಹೋದರೂ ಮರೆಯದ ರ‍್ಯಾಮ್‌ಗೆ ಕಾಯಬೇಕಾ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್. ಕರೆಂಟ್ ಹೋದರೆ ಅರ್ಧ ಹಾಕಿದ ಬಿಲ್ ಹಾರಿಹೋಗುತ್ತದೆ. ಕರೆಂಟ್ ಇಲ್ಲದಿದ್ದರೂ ಡೇಟಾ ಉಳಿಸಿಕೊಳ್ಳುವ ಹೊಸ ಮೆಮೊರಿ ಬಂದಿದೆ ಅಂತಾರಲ್ರೀ. ಅದಕ್ಕೆ ಕಾಯಲಾ, ಈಗಿನ ರ‍್ಯಾಮ್ ಹಾಕಿಸಲಾ?

ಉತ್ತರ: ಕಾಯಬೇಡಿ. ಅಂಥ ಮೆಮೊರಿ ಬಂದೂ ಆಗಿದೆ, ಅದರಲ್ಲಿ ದೊಡ್ಡ ಸದ್ದು ಮಾಡಿದ್ದು ಅಂಗಡಿ ಮುಚ್ಚಿಯೂ ಆಗಿದೆ.

ಈಗಿನ ರ‍್ಯಾಮ್ ಅಂದರೆ ಡಿರ‍್ಯಾಮ್. ಅದರಲ್ಲಿ ಒಂದೊಂದು ಬಿಟ್ (0 ಅಥವಾ 1) ಕೂಡ ಪುಟ್ಟ ಕೆಪಾಸಿಟರ್‌ನಲ್ಲಿ ತುಂಬಿಟ್ಟ ಚಾರ್ಜ್. ಅದು ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಬೇಕು. ಕರೆಂಟ್ ಹೋದರೆ ತುಂಬುವವರಿಲ್ಲ, ಬಿಲ್ ಹೋಯ್ತು.

ಈ ಜಾಗದ ಮೇಲೆ ಕಣ್ಣಿಟ್ಟ ಮೆಮೊರಿಗಳು ಮುಖ್ಯವಾಗಿ ನಾಲ್ಕು. ಎಂರ‍್ಯಾಮ್‌ನಲ್ಲಿ ಆಯಸ್ಕಾಂತ ಗುಣದ ಎರಡು ತೆಳು ಪದರಗಳಿವೆ. ಎರಡರ ದಿಕ್ಕೂ ಒಂದೇ ಇದ್ದರೆ ಕರೆಂಟಿಗೆ ತಡೆ ಕಡಿಮೆ, ಎದುರುಬದುರಾದರೆ ಜಾಸ್ತಿ. ಆ ವ್ಯತ್ಯಾಸವೇ 0 ಮತ್ತು 1. ರೀರ‍್ಯಾಮ್‌ನಲ್ಲಿ ಆಕ್ಸೈಡ್ ಪದರದೊಳಗೆ ಕರೆಂಟ್ ಹರಿಯುವ ಸಣ್ಣ ಎಳೆಯೊಂದು ಕೂಡುತ್ತದೆ, ಕಡಿಯುತ್ತದೆ. ಎಫ್‌ಇರ‍್ಯಾಮ್ ಹಳೆಯದು, ಗಟ್ಟಿ, ಆದರೆ ಒಂದು ಚಿಪ್‌ನಲ್ಲಿ ಹಿಡಿಯುವ ಡೇಟಾ ಕಡಿಮೆ. ಪಿಸಿಎಂನಲ್ಲಿ ವಸ್ತುವನ್ನು ಕಾಯಿಸಿ, ತಣಿಸಿ ಅದರ ರಚನೆ ಬದಲಿಸುತ್ತಾರೆ. ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿಯಲ್ಲಿದ್ದ ವಸ್ತುವಿನ ಬಳಗವೇ ಅದು.

ಕಥೆ ಇರುವುದು ಈ ಕೊನೆಯದರಲ್ಲಿ. 2015ರಲ್ಲಿ ಚಿಪ್ ಕಂಪನಿಗಳಾದ ಇಂಟೆಲ್ ಮತ್ತು ಮೈಕ್ರಾನ್ 3ಡಿ ಕ್ರಾಸ್‌ಪಾಯಿಂಟ್ ಎಂಬ ಮೆಮೊರಿ ಘೋಷಿಸಿದವು. ಪೆನ್‌ಡ್ರೈವ್, ಎಸ್‌ಎಸ್‌ಡಿಗಳಲ್ಲಿರುವ ಫ್ಲ್ಯಾಶ್ ಮೆಮೊರಿಗಿಂತ ಸಾವಿರ ಪಟ್ಟು ವೇಗ ಎಂಬ ಮಾತು ಎಲ್ಲೆಡೆ ಓಡಾಡಿತು. ಒಳಗಿರುವುದು ಪಿಸಿಎಂ ಜಾತಿಯ ವಸ್ತು ಅಂತ ಚಿಪ್ ಬಿಚ್ಚಿ ನೋಡಿದವರು ಹೇಳಿದರು. ಇಂಟೆಲ್ ಇದನ್ನು ಆಪ್ಟೇನ್ ಹೆಸರಲ್ಲಿ ಮಾರಿತು. ರ‍್ಯಾಮ್ ಸ್ಲಾಟ್‌ಗೆ ಕೂರುವ 512 ಜಿಬಿ ಕಡ್ಡಿಯೂ ಬಂತು. ನೀವು ಕೇಳುತ್ತಿರುವುದು ಹೆಚ್ಚುಕಡಿಮೆ ಇದೇ! ಆದರೆ ಅದು ಡಿರ‍್ಯಾಮ್‌ಗಿಂತ ನಿಧಾನ, ಫ್ಲ್ಯಾಶ್‌ಗಿಂತ ದುಬಾರಿ. ಚಿಪ್ ದರ ಇಳಿಯಬೇಕಾದರೆ ರಾಶಿಗಟ್ಟಲೆ ಮಾರಾಟವಾಗಬೇಕು. ದರ ಇಳಿಯದೆ ರಾಶಿ ಮಾರಾಟವಾಗಲಿಲ್ಲ. 2021ರಲ್ಲಿ ಮೈಕ್ರಾನ್ ಕೈಬಿಟ್ಟು, ಅಮೆರಿಕದ ಲೀಹೈ ಕಾರ್ಖಾನೆಯನ್ನು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ಗೆ ಮಾರಿತು. 2022ರಲ್ಲಿ ಇಂಟೆಲ್ ಕೂಡ ನಿಲ್ಲಿಸಿ, 55.9 ಕೋಟಿ ಡಾಲರ್ ದಾಸ್ತಾನನ್ನು ನಷ್ಟಕ್ಕೆ ಬರೆದುಕೊಂಡಿತು. ನನ್ನ ಪ್ರಕಾರ ಅದು ಸೋತದ್ದು ಭೌತಶಾಸ್ತ್ರದಲ್ಲಲ್ಲ, ಖಾತೆ ಪುಸ್ತಕದಲ್ಲಿ.

ಎಂರ‍್ಯಾಮ್ ಇನ್ನೂ ಇದೆ. ಎವರ್‌ಸ್ಪಿನ್ ಕಂಪನಿ 1 ಗಿಗಾಬಿಟ್ ಚಿಪ್ ಮಾರುತ್ತದೆ. ಒಂದು ಬೈಟ್‌ಗೆ 8 ಬಿಟ್, ಹಾಗಾಗಿ 8 ಜಿಬಿ (ಗಿಗಾಬೈಟ್) ಅಂದರೆ 64 ಗಿಗಾಬಿಟ್, ಅಂದರೆ ಅಂಥ 64 ಚಿಪ್ ಬೇಕು. ಡಿರ‍್ಯಾಮ್‌ನಲ್ಲಿ 16 ಗಿಗಾಬಿಟ್‌ನ ನಾಲ್ಕು ಚಿಪ್ ಸಾಕು. ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್‌ಗೆ ಅದು ಯಾಕೆ ಬಂದಿಲ್ಲ ಅಂತ ಗೊತ್ತಾಯ್ತಲ್ಲ.

ಹೊಸ ಮೆಮೊರಿಗಳು ದುಡಿಯುತ್ತಿರುವುದು ಬೇರೆ ಕಡೆ, ಯಂತ್ರ, ಕಾರುಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಆದ ಮೈಕ್ರೊಕಂಟ್ರೋಲರ್ ಚಿಪ್ಪಿನ ಒಳಗೆ. ಅಲ್ಲಿನ ಫ್ಲ್ಯಾಶ್ ಅನ್ನು 28 ನ್ಯಾನೊಮೀಟರ್ ತಯಾರಿಕಾ ತಂತ್ರಕ್ಕಿಂತ ಸಣ್ಣದಕ್ಕೆ ಇಳಿಸುವುದು ಕಷ್ಟ, ಖರ್ಚೂ ಜಾಸ್ತಿ. ಅದಕ್ಕೇ ಚಿಪ್ ತಯಾರಿಸುವ ಟಿಎಸ್‌ಎಂಸಿ, ಸ್ಯಾಮ್‌ಸಂಗ್ ಎಂರ‍್ಯಾಮ್ ಹಿಡಿದವು. ಇನ್ಫಿನಿಯನ್ ಕಾರಿನ ಚಿಪ್‌ಗಳಿಗೆ ಟಿಎಸ್‌ಎಂಸಿಯ ರೀರ‍್ಯಾಮ್ ಆರಿಸಿಕೊಂಡಿತು, ಎಸ್‌ಟಿಮೈಕ್ರೊ ಪಿಸಿಎಂ. ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಯಂತ್ರ ನಡೆಸುವ ಕಂಟ್ರೋಲರ್‌ಗೂ ಬೇಕಾದ್ದು ಇದೇ: ಡೇಟಾ ಸ್ವಲ್ಪವೇ, ಆದರೆ ಕರೆಂಟ್ ಹೋದ ಕ್ಷಣದ್ದೂ ಉಳಿಯಬೇಕು.

ಇನ್ನೊಂದು ಮಾತು ಯಾರೂ ಹೇಳಲ್ಲ. ರ‍್ಯಾಮ್ ಮರೆಯದಿದ್ದರೂ ಬಿಲ್ ತಾನಾಗಿ ವಾಪಸ್ ಬರಲ್ಲ. ಪ್ರೊಸೆಸರ್ ಒಳಗಿನ ತಾತ್ಕಾಲಿಕ ಮೆಮೊರಿಯಾದ ಕ್ಯಾಶ್ ಖಾಲಿಯಾಗಿರುತ್ತದೆ, ಸಾಫ್ಟ್‌ವೇರನ್ನೂ ಅದಕ್ಕೆಂದೇ ಬರೆದಿರಬೇಕು. ನಿಮಗೆ ಬೇಕಿರುವುದು ಒಂದು ಯುಪಿಎಸ್, ಮತ್ತೆ ಒಂದೊಂದು ಸಾಲಿಗೂ ಸೇವ್ ಆಗುವ ಬಿಲ್ಲಿಂಗ್ ಸಾಫ್ಟ್‌ವೇರ್. ಎಐ ಸರ್ವರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ದರ ಸಿಕ್ಕಾಪಟ್ಟೆ ಏರಿತು, ಹಾಗಾಗಿ ಬೇಕಾದಷ್ಟೇ ಹಾಕಿಸಿ. ಸೆಕೆಂಡ್ ಹ್ಯಾಂಡ್ ಆಪ್ಟೇನ್ ಕಡ್ಡಿ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಇಂಟೆಲ್‌ನ ಕೆಲವು ಜಿಯಾನ್ ಪ್ರೊಸೆಸರ್ ಇರುವ ಯಂತ್ರ ಬಿಟ್ಟು ಬೇರೆಲ್ಲೂ ಅದು ನಡೆಯಲ್ಲ.