ಡಿಸ್ಚಾರ್ಜ್ ಸಮರಿಯಲ್ಲಿ 'ಸ್ಟೇಟಸ್' ಅಂತ ಬರೆದಿದ್ರೆ

ಮೊನ್ನೆ ಒಬ್ರು ತಮ್ಮನ ಡಿಸ್ಚಾರ್ಜ್ ಸಮರಿ ಹಿಡ್ಕೊಂಡು ಬಂದಿದ್ರು. 'ಸ್ಟೇಟಸ್ ಎಪಿಲೆಪ್ಟಿಕಸ್' ಅನ್ನೋ ಎರಡು ಪದದ ಕೆಳಗೆ ಪೆನ್ನಲ್ಲಿ ಗೆರೆ, ಪಕ್ಕದಲ್ಲಿ ದೊಡ್ಡ ಪ್ರಶ್ನೆ ಚಿಹ್ನೆ. "ಇಷ್ಟು ದಿನ ಗ್ರ್ಯಾಂಡ್ ಮಾಲ್ ಅಂತಿದ್ರು, ಈಗ ಇದ್ಯಾವ ಹೊಸ ಕಾಯಿಲೆ ಡಾಕ್ಟ್ರೇ?" ಹೊಸದೇನಲ್ಲ. ಅದೇ ಫಿಟ್ಸು, ನಿಲ್ಲಬೇಕಾದ ಹೊತ್ತಿಗೆ ನಿಂತಿಲ್ಲ.

ಗ್ರ್ಯಾಂಡ್ ಮಾಲ್ ಅನ್ನೋದು ಹಳೇ ಫ್ರೆಂಚ್ ಹೆಸರು, 'ದೊಡ್ಡ ಕಾಯಿಲೆ' ಅಂತ ಅರ್ಥ. ಈಗ ಟಾನಿಕ್-ಕ್ಲಾನಿಕ್ ಅಂತ ಬರೀತೀವಿ, ಓದೋಕೆ ಕಬ್ಬಿಣದ ಕಡಲೆ ಆದ್ರೂ ಅದು ಕಣ್ಣಿಗೆ ಕಂಡಿದ್ದನ್ನೇ ಹೇಳುತ್ತೆ. ಟಾನಿಕ್ ಅಂದ್ರೆ ಮೈ ಕೊರಡಿನ ಥರ ಸೆಟೆದುಕೊಳ್ಳೋದು, ಆಗ ಎದೆ ಬಿಗಿದು ಗಾಳಿ ಒಂದೇ ಸಲ ಗಂಟಲಿಂದ ಹೊರಗೆ ನುಗ್ಗುತ್ತೆ, ಆ ಚೀರಾಟ ಕೇಳಿ ಮನೆಯವರು ನೋವಿಗೆ ಕೂಗಿದ ಅಂದ್ಕೋತಾರೆ, ಅದು ನೋವಲ್ಲ. ಹತ್ತಿಪ್ಪತ್ತು ಸೆಕೆಂಡ್ ಆದ್ಮೇಲೆ ಕ್ಲಾನಿಕ್, ಅಂದ್ರೆ ಕೈಕಾಲು ಲಯವಾಗಿ ಜಗ್ಗೋದು, ಜಗ್ಗಿಗೂ ಜಗ್ಗಿಗೂ ನಡುವೆ ಅಂತರ ಹೆಚ್ಚುತ್ತಾ ಹೋಗಿ ತಾನೇ ನಿಲ್ಲುತ್ತೆ. ಹೆಚ್ಚಿನವು ಒಂದರಿಂದ ಮೂರು ನಿಮಿಷ. ಆಮೇಲೆ ಗೊರಕೆ, ಗೊಂದಲ.

ಬಾಯಿಗೆ ಚಮಚ ತುರುಕಬೇಡಿ, ಕೈಕಾಲು ಒತ್ತಿ ಹಿಡೀಬೇಡಿ, ಪಕ್ಕಕ್ಕೆ ಮಲಗಿಸಿ ಟೈಮ್ ನೋಡ್ಕೊಳ್ಳಿ. ಆ ಟೈಮೇ ಮುಖ್ಯ.

ಮೊದ್ಲು 30 ನಿಮಿಷ ದಾಟಿದ್ರೆ ಸ್ಟೇಟಸ್ ಅಂತಿದ್ವಿ. 2015ರಲ್ಲಿ ಅಂತರರಾಷ್ಟ್ರೀಯ ಎಪಿಲೆಪ್ಸಿ ಸಂಸ್ಥೆ ಟಾನಿಕ್-ಕ್ಲಾನಿಕ್‌ಗೆ ಎರಡು ಗೆರೆ ಎಳೀತು: 5 ನಿಮಿಷ ದಾಟಿದ್ರೇ ಸ್ಟೇಟಸ್, ಔಷಧಿ ಶುರುವಾಗ್ಬೇಕು, 30 ದಾಟಿದ್ರೆ ಮಿದುಳಿಗೆ ಕಾಯಂ ಪೆಟ್ಟು ಬೀಳಬಹುದು. ಯಾಕಿಷ್ಟು ಅವಸರ ಅಂದ್ರೆ, ಮಿದುಳಿಗೆ ಬ್ರೇಕ್ ಹಾಕೋ ರಿಸೆಪ್ಟರ್‌ಗಳು ಫಿಟ್ಸ್ ಎಳೆದಷ್ಟೂ ನರಕೋಶದ ಮೇಲ್ಮೈ ಬಿಟ್ಟು ಒಳಗೆ ಸರೀತಾವೆ, ನಾವು ಕೊಡೋ ಮಿಡಾಜೋಲಾಮ್, ಲೋರಾಜೆಪಾಮ್ ಕೆಲಸ ಮಾಡೋದು ಅವುಗಳ ಮೇಲೇನೇ, ಹಾಗಾಗಿ ತಡವಾದ್ರೆ ಅದೇ ಡೋಸ್ ನಾಟೋದಿಲ್ಲ. ಒಂದು ಫಿಟ್ಸ್ ನಿಂತು ಪ್ರಜ್ಞೆ ಬರೋ ಮುಂಚೆ ಇನ್ನೊಂದು ಬಂದ್ರೂ ಸ್ಟೇಟಸ್ಸೇ. ಈ ಮೊದಲ ಔಷಧಿ ಸಾಲದೆ, ಇನ್ನೊಂದು ಔಷಧಿಗೂ ಬಗ್ಗಲಿಲ್ಲ ಅಂದ್ರೆ 'ರಿಫ್ರ್ಯಾಕ್ಟರಿ' ಅಂತ ಸೇರಿಸ್ತೀವಿ, ಆಗ ಐಸಿಯು, ಅನಸ್ತೇಶಿಯಾ.

ನನ್ನನ್ನ ಕೇಳಿದ್ರೆ ಹೆಚ್ಚು ಮೋಸ ಮಾಡೋದು ಜಗ್ಗಾಟ ಇಲ್ಲದ ಸ್ಟೇಟಸ್, ನಾನ್-ಕನ್ವಲ್ಸಿವ್ ಅಂತಾರೆ, ಮನುಷ್ಯ ಸುಮ್ನೆ ಶೂನ್ಯ ನೋಡ್ತಾ ಕೂತಿರ್ತಾನೆ, ಇಇಜಿ, ಅಂದ್ರೆ ಮಿದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆ, ಮಾಡದೆ ಖಾತ್ರಿ ಆಗಲ್ಲ.

ತಮ್ಮನಿಗೆ ಎಷ್ಟು ಹೊತ್ತು ಇತ್ತು ಅಂದೆ. "ಒಂದು ಗಂಟೆ ಇರ್ಬೇಕು." ಮೊಬೈಲ್ ತೆಗೆಸಿದೆ. ಫಿಟ್ಸ್ ಶುರುವಾದ ಕೂಡ್ಲೇ ಆಂಬುಲೆನ್ಸ್‌ಗೆ ಮಾಡಿದ ಕಾಲ್ 6:41, ಅದನ್ನ ನಿಲ್ಲಿಸಿದ ಇಂಜೆಕ್ಷನ್ ಬಿದ್ದಿದ್ದು 6:58. ಹದಿನೇಳು ನಿಮಿಷ. ಆಮೇಲೆ ಎದ್ದು ಹೋಗುವಾಗ ಬಾಗಿಲ ಹತ್ರ ನಿಂತು ಮೆಲ್ಲಗೆ ಹೇಳಿದ್ರು, ಮಾತ್ರೆ ಖಾಲಿಯಾಗಿ ಮೂರು ದಿನ ಆಗಿತ್ತಂತೆ.