ರೊಕ್ಕ ಹೋದರೂ ಆಟ ಯಾಕೆ ಬಿಡುವುದಿಲ್ಲ?

"ಇಷ್ಟು ರೊಕ್ಕ ಹೋದ್ರೂ ಇವರಿಗೆ ಬುದ್ಧಿ ಬರವಲ್ದ್ರೀ ಡಾಕ್ಟರ." ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಗಂಡನನ್ನು ಕರೆತರುವವರು ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ಓಸಿ ಜೂಜು ಇರಲಿ, ಕ್ರಿಕೆಟ್ ಬೆಟ್ಟಿಂಗ್ ಇರಲಿ, ಮೊಬೈಲ್ ರಮ್ಮಿ ಇರಲಿ. ಸೋತವನು ಕಲಿಯಬೇಕು ಅಲ್ವಾ ಅನ್ನುವುದು ಅವರ ಲೆಕ್ಕ. ಮಿದುಳಿನ ಲೆಕ್ಕ ಬೇರೆ ಇದೆ.

ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುವ ನರಕೋಶಗಳನ್ನು ಗಮನಿಸಿದರು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಅವು ಚುರುಕಾಗುತ್ತಿದ್ದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಮಂಗ ಕಲಿಯಿತು. ಆಮೇಲೆ ದೀಪ ಕಂಡಾಗಲೇ ಕೋಶಗಳು ಚುರುಕು, ರಸ ಸಿಕ್ಕಾಗ ಏನೂ ಇಲ್ಲ. ರಸ ಕೊಡದಿದ್ದರೆ, ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಮಂಕಾಗುತ್ತಿದ್ದವು. 1997ರಲ್ಲಿ ದಯಾನ್ ಮತ್ತು ಮಾಂಟೆಗ್ಯೂ ಎಂಬ ವಿಜ್ಞಾನಿಗಳ ಜೊತೆ ಸೇರಿ ಅವರು ಇದನ್ನು ವಿವರಿಸಿದರು: ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಈ ಕೋಶಗಳು ತಿಳಿಸುತ್ತವೆ. ಮನುಷ್ಯರ ಸ್ಕ್ಯಾನ್‌ಗಳಲ್ಲೂ ಮಿದುಳಿನ ಆಳದ ವೆಂಟ್ರಲ್ ಸ್ಟ್ರಯಾಟಮ್‌ನಲ್ಲಿ ಇಂಥದೇ ಸುಳಿವು ಕಾಣುತ್ತದೆ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಶುಲ್ಟ್ಸ್ ತಂಡದ 2003ರ ಪ್ರಯೋಗ. ರಸ ಬರುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ, ಸೂಚನೆ ಕಂಡಾಗಿನಿಂದ ಫಲಿತಾಂಶ ಗೊತ್ತಾಗುವವರೆಗೂ ಕೋಶಗಳ ಚಟುವಟಿಕೆ ಏರುತ್ತಲೇ ಹೋಯಿತು. ಖಂಡಿತ ಬರುತ್ತದೆ ಅಂದಾಗ ಹಾಗಾಗಲಿಲ್ಲ, ಖಂಡಿತ ಇಲ್ಲ ಅಂದಾಗಲೂ ಆಗಲಿಲ್ಲ. ಜೂಜು ನಿಂತಿರುವುದೇ ಈ ನಡುವಿನ ಜಾಗದಲ್ಲಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಒಬ್ಬರು ನನ್ನೆದುರು ತಲೆ ತಗ್ಗಿಸಿ ಕೂತಿದ್ದರು. ರಮ್ಮಿ ಆಪಿನ ಮೆಸೇಜ್ ಬಂದು ಫೋನ್ ಟಿಣ್ ಅಂದಿತು. ಬೆನ್ನು ನೆಟ್ಟಗಾಯಿತು, ಕೈ ಜೇಬಿಗೆ ಹೋಯಿತು, ಮುಖಕ್ಕೆ ಕಳೆ ಬಂತು. ಇನ್ನೂ ಒಂದು ಪೈಸೆ ಗೆದ್ದಿರಲಿಲ್ಲ. ಅವರಿಗೆ ಆ ಸದ್ದೇ ದೀಪ. "ಒಂದೇ ಎಲೆ ತಪ್ಪಿತ್ರೀ ಸರ್" ಅಂತ ಸೋಲನ್ನೂ ಹುರುಪಿನಿಂದಲೇ ಹೇಳಿದರು. ಕೂದಲೆಳೆಯಲ್ಲಿ ತಪ್ಪಿದ ಗೆಲುವು, ಗೆದ್ದಾಗ ಚುರುಕಾಗುವ ಜಾಗಗಳನ್ನೇ ಕೆಣಕುತ್ತದೆ ಅಂತ ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ.

ಇನ್ನೊಂದು ಮಾತು. ಪಾರ್ಕಿನ್ಸನ್ ಕಾಯಿಲೆಗೆ ಪ್ರಮಿಪೆಕ್ಸೋಲ್‌ನಂಥ ಮಾತ್ರೆ ಶುರುವಾದ ಮೇಲೆ, ಎಂದೂ ಎಲೆ ಮುಟ್ಟದ ಅಜ್ಜ ಜೂಜಿಗೆ ಬಿದ್ದರೆ ಬೈಯಬೇಡಿ. ಡೋಪಮಿನ್‌ನಂತೆ ಕೆಲಸ ಮಾಡುವ ಆ ಔಷಧದಿಂದಲೂ ಹೀಗಾಗಬಹುದು. ಬೇಗ ವೈದ್ಯರಿಗೆ ತಿಳಿಸಿ, ನೀವೇ ಮಾತ್ರೆ ನಿಲ್ಲಿಸಬೇಡಿ.

ಉಳಿದವರಿಗೂ ಬೈಗುಳದಿಂದ ಉಪಯೋಗ ಆಗಿದ್ದು ನಾನು ಕಂಡಿಲ್ಲ. ಸುಮ್ನೆ ಆಣೆ ಹಾಕಿಸುವುದಕ್ಕಿಂತ ಮೊದಲು ದೀಪ ಆರಿಸಿ. ಆಪ್ ತೆಗೆಯಿರಿ, ಮೆಸೇಜ್ ಸದ್ದು ಬಂದ್ ಮಾಡಿ, ಯುಪಿಐ ಕೆಲವು ತಿಂಗಳು ಮನೆಯವರ ಕೈಲಿರಲಿ. ಜೊತೆಗೆ ಆಪ್ತಸಮಾಲೋಚನೆ ಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಮೊದಲ ಕೆಲವು ವಾರ ಚಡಪಡಿಕೆ ಇದ್ದೇ ಇರುತ್ತದೆ. ಆ ದಿನಗಳಲ್ಲಿ ಅವರನ್ನು ಒಬ್ಬರನ್ನೇ ಬಿಡಬೇಡಿ.