ಸೆಕೆಂಡಿನ ಹತ್ತನೇ ಒಂದು ಪಾಲು: ಫಾಲ್ಸ್ ಸ್ಟಾರ್ಟ್ ಗೆರೆ ಎಲ್ಲಿಂದ ಬಂತು?

2022ರ ಜುಲೈ, ಅಮೆರಿಕದ ಯೂಜೀನ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್. ಪುರುಷರ 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಡೆವನ್ ಅಲೆನ್ ಅವರ ಪ್ರತಿಕ್ರಿಯೆಯ ಸಮಯ 0.099 ಸೆಕೆಂಡ್ ಎಂದು ಯಂತ್ರ ತೋರಿಸಿತು. ನಿಯಮದ ಪ್ರಕಾರ 0.100 ಆಗಲೇಬೇಕು. ‘ಫಾಲ್ಸ್ ಸ್ಟಾರ್ಟ್’, ಅಂದರೆ ಮೊದಲೇ ಹೊರಟ ತಪ್ಪಿಗೆ, ಅಲೆನ್ ಸ್ಪರ್ಧೆಯಿಂದ ಹೊರಬಿದ್ದರು. ಅದೇ ಕೂಟದ ಸೆಮಿಫೈನಲ್‌ನಲ್ಲಿ ಅವರದು 0.101, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಗುಂಡಿನ ಸದ್ದಾದ ಮೇಲೇ ಹೊರಟ ಓಟಗಾರನಿಗೆ ‘ನೀನು ಮೊದಲೇ ಹೊರಟೆ’ ಎಂದು ಹೇಳಿದ್ದು ಹೇಗೆ ಎಂದು ನೋಡುತ್ತಿದ್ದವರಿಗೆ ಗೊಂದಲ.

ನಿಯಮದ ಹಿಂದಿನ ತರ್ಕ ಇಷ್ಟೇ: ಸದ್ದು ಕೇಳಿ 0.1 ಸೆಕೆಂಡಿನೊಳಗೆ ಮನುಷ್ಯನ ಕಾಲು ಅಲುಗುವುದು ಅಸಾಧ್ಯ. ಅಲುಗಿದರೆ ಅವನು ಕೇಳಿ ಹೊರಟಿಲ್ಲ, ಊಹಿಸಿ ಹೊರಟಿದ್ದಾನೆ.

1896ರ ಅಥೆನ್ಸ್‌ನಲ್ಲಿ ಥಾಮಸ್ ಬರ್ಕ್ ಮಂಡಿಯೂರಿ ಕೂತು ಹೊರಟು 100 ಮೀಟರ್ ಗೆದ್ದರು. ಆಮೇಲಿನ ದಶಕಗಳಲ್ಲಿ ಓಟಗಾರರು ಸಣ್ಣ ಕರಣೆ ಹಿಡಿದು ಟ್ರ್ಯಾಕಿನಲ್ಲಿ ಕಾಲಿಗೆ ಗುಳಿ ತೋಡಿಕೊಳ್ಳುತ್ತಿದ್ದರು. 1929ರಲ್ಲಿ ಜಾರ್ಜ್ ಸಿಂಪ್ಸನ್, ಪಾದಕ್ಕೆ ಆಸರೆ ಕೊಡುವ ಸ್ಟಾರ್ಟಿಂಗ್ ಬ್ಲಾಕ್ ಬಳಸಿ 100 ಗಜವನ್ನು 9.4 ಸೆಕೆಂಡಿನಲ್ಲಿ ಓಡಿದರೆ, ಬ್ಲಾಕ್ ಬಳಸಿದ್ದಕ್ಕೇ ಆ ದಾಖಲೆಯನ್ನು ಒಪ್ಪಲಿಲ್ಲ. ಒಲಿಂಪಿಕ್ಸ್‌ಗೆ ಬ್ಲಾಕ್ ಬಂದದ್ದು 1948ರಲ್ಲಿ. ಅಲ್ಲಿಯವರೆಗೂ, ಅದಾದ ಮೇಲೂ ಬಹುಕಾಲ, ಯಾರು ಮೊದಲು ಹೊರಟರು ಎಂಬುದು ಸ್ಟಾರ್ಟರ್, ಅಂದರೆ ಗುಂಡು ಹಾರಿಸಿ ಓಟ ಶುರುಮಾಡಿಸುವ ಅಧಿಕಾರಿಯ ಕಣ್ಣಿಗೆ ಬಿಟ್ಟ ವಿಷಯ. ಬ್ಲಾಕಿನೊಳಗೆ ಸಂವೇದಕ ಕೂತ ಮೇಲೆ ಕಣ್ಣಿನ ಕೆಲಸ ಅಂಕಿಯ ಪಾಲಾಯಿತು.

ಸಂವೇದಕ ಅಳೆಯುವುದು ಕಿವಿಯನ್ನೂ ಅಲ್ಲ, ಮಿದುಳನ್ನೂ ಅಲ್ಲ. ಪಾದ ಬ್ಲಾಕಿನ ಮೇಲೆ ಹಾಕುವ ಒತ್ತಡವನ್ನು. ‘ಸೆಟ್’ ಎಂದಾಗ ಸೊಂಟ ಮೇಲೇಳುತ್ತದೆ, ಒತ್ತಡ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಗುಂಡು ಸಿಡಿದ ಮೇಲೆ ಅದು ಏರುತ್ತದೆ. ಆ ಏರಿಕೆ ನಿಗದಿತ ಮಿತಿ ದಾಟಿದ ಕ್ಷಣವೇ ದಾಖಲಾಗುವ ‘ಪ್ರತಿಕ್ರಿಯೆ’. ಆ 0.1 ಸೆಕೆಂಡಿನೊಳಗೆ, ಅಂದರೆ 100 ಮಿಲಿಸೆಕೆಂಡಿನೊಳಗೆ, ಏನೇನು ಸೇರಿದೆ ನೋಡಿ: ಬೆನ್ನ ಹಿಂದಿನ ಧ್ವನಿವರ್ಧಕದಿಂದ ಕಿವಿಗೆ ಗಾಳಿಯಲ್ಲಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್, ಕಿವಿಯಿಂದ ಮಿದುಳಿಗೆ, ಮಿದುಳಿನಿಂದ ಬೆನ್ನುಹುರಿ ಹಾದು ತೊಡೆಗೆ ನರಗಳ ಪಯಣ, ಆಮೇಲೆ ಸ್ನಾಯು ಬಿಗಿದು ಒತ್ತಡ ಹುಟ್ಟಿಸಲು ಹಿಡಿಯುವ ಹೊತ್ತು, ಕೊನೆಗೆ ಆ ಒತ್ತಡ ಯಂತ್ರದ ಮಿತಿ ಮುಟ್ಟಬೇಕು. ಈ ಕೊನೆಯದು ದೇಹದ ಗುಣವಲ್ಲ, ಯಂತ್ರದ ಹೊಂದಾಣಿಕೆ. ಮಿತಿ ಮೇಲಿಟ್ಟರೆ ಎಲ್ಲರೂ ನಿಧಾನ, ಕೆಳಗಿಟ್ಟರೆ ಎಲ್ಲರೂ ಚುರುಕು. ಗೆರೆ ಮಾತ್ರ ಎರಡೂ ಕಡೆ 0.100.

ಸದ್ದಿನದೂ ಒಂದು ಕತೆ. ಲೇನಿನ ಅಗಲ 1.22 ಮೀಟರ್. ಒಂದನೇ ಲೇನಿನ ಪಕ್ಕ ನಿಂತು ಬರೀ ಪಿಸ್ತೂಲು ಹಾರಿಸಿದರೆ ಒಂಬತ್ತನೇ ಲೇನಿನವನಿಗೆ ಸದ್ದು ಸುಮಾರು 28 ಮಿಲಿಸೆಕೆಂಡ್ ತಡ. ದೊಡ್ಡ ವಾದ್ಯವೃಂದದಲ್ಲಿ ಹಿಂದಿನ ಸಾಲಿನ ನಗಾರಿಯವರಿಗೂ ಇದೇ ಪಾಡು. ಅವರು ಕಿವಿ ನಂಬದೆ ನಿರ್ದೇಶಕರ ಕೈ ನೋಡುತ್ತಾರೆ. ಓಟಗಾರ ತಲೆ ತಗ್ಗಿಸಿ ಕೂತಿರುತ್ತಾನೆ, ಅವನಿಗೆ ಆ ಸೌಲಭ್ಯವಿಲ್ಲ. ಅದಕ್ಕೇ ಪ್ರತಿ ಬ್ಲಾಕಿನ ಹಿಂದೆ ಧ್ವನಿವರ್ಧಕ ಬಂತು. ಆದರೂ 2004ರ ಅಥೆನ್ಸ್ ಒಲಿಂಪಿಕ್ಸ್ ಅಂಕಿಗಳನ್ನು ನೋಡಿದ ಕೆನಡಾದ ಸಂಶೋಧಕರು, ಪಿಸ್ತೂಲಿಗೆ ಹತ್ತಿರದ ಒಂದನೇ ಲೇನಿನವರೇ ಚುರುಕು ಎಂದು 2008ರಲ್ಲಿ ತೋರಿಸಿದರು. ಸದ್ದು ಬೇಗ ತಲುಪುವುದಷ್ಟೇ ಅಲ್ಲ, ಜೋರಾಗಿದ್ದರೆ ದೇಹ ಬೇಗ ಚಿಮ್ಮುತ್ತದೆ. ಬೆಚ್ಚಿಬೀಳಿಸುವ ಸದ್ದು ಮೊದಲೇ ಸಿದ್ಧವಾಗಿರುವ ಚಲನೆಯನ್ನು ಸುಮಾರು ಅರ್ಧ ಹೊತ್ತಿನಲ್ಲೇ ಬಿಡುಗಡೆ ಮಾಡಬಲ್ಲದು ಎಂದು 1999ರಲ್ಲೇ ಪ್ರಯೋಗಗಳಲ್ಲಿ ಕಂಡಿತ್ತು. 2010ರ ಸುಮಾರಿಗೆ ಎಲೆಕ್ಟ್ರಾನಿಕ್ ಪಿಸ್ತೂಲು ಬಂದು ಎಲ್ಲ ಲೇನಿಗೂ ಒಂದೇ ಸದ್ದು ಒಂದೇ ಕ್ಷಣಕ್ಕೆ ಸಿಗುವಂತಾಯಿತು.

ಇಷ್ಟರ ನಡುವೆ ಶಿಕ್ಷೆ ಬಿಗಿಯಾಗುತ್ತ ಹೋಯಿತು. ಮೊದಲು ಒಬ್ಬೊಬ್ಬರಿಗೂ ಒಂದು ತಪ್ಪು ಮಾಫಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್‌ನಲ್ಲಿ ಬ್ರಿಟನ್ನಿನ ಲಿನ್‌ಫರ್ಡ್ ಕ್ರಿಸ್ಟಿ ಎರಡನೇ ತಪ್ಪಿಗೆ ಹೊರಬಿದ್ದಾಗ ಯಂತ್ರ ತೋರಿಸಿದ್ದು 0.086. 2003ರಿಂದ ಇಡೀ ಓಟಕ್ಕೆ ಒಂದೇ ಮಾಫಿ. ಎರಡನೆಯದು ಯಾರದೇ ಆದರೂ ಅವರು ಹೊರಗೆ. ಆ ವರ್ಷ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 0.052ಕ್ಕೆ ಸಿಕ್ಕಿಬಿದ್ದ ಅಮೆರಿಕದ ಜಾನ್ ಡ್ರಮಂಡ್ ‘ನಾನು ಅಲುಗಿಲ್ಲ’ ಎನ್ನುತ್ತ ಟ್ರ್ಯಾಕಿನಲ್ಲೇ ಮಲಗಿಬಿಟ್ಟರು. 2010ರಿಂದ ಮಾಫಿಯೇ ಇಲ್ಲ, ಡೆಕಾಥ್ಲಾನ್‌ನಂಥ ಬಹುಸ್ಪರ್ಧೆಗಳನ್ನು ಬಿಟ್ಟು. ಮರುವರ್ಷವೇ ದಕ್ಷಿಣ ಕೊರಿಯಾದ ದೇಗುನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಸೇನ್ ಬೋಲ್ಟ್ ಹೊರಬಿದ್ದರು. ಬೋಲ್ಟ್ ತಪ್ಪು ಬರಿಗಣ್ಣಿಗೇ ಕಾಣುವಂಥದ್ದು. ಕಗ್ಗಂಟು ಇರುವುದು 0.08ರಿಂದ 0.10ರ ನಡುವಿನ ಕಿರಿದಾದ ಓಣಿಯಲ್ಲಿ.

ಆ ಓಣಿಯ ಬಗ್ಗೆ ಸಂಶೋಧನೆ ಒಂದೇ ದಿಕ್ಕಿನದಲ್ಲ. ಕೆಲವರು 85 ಮಿಲಿಸೆಕೆಂಡಿಗಿಂತಲೂ ಬೇಗ ಪ್ರತಿಕ್ರಿಯಿಸಬಲ್ಲರು ಎಂದು 2007ರ ಬ್ರಿಟಿಷ್ ಅಧ್ಯಯನವೊಂದು ಹೇಳಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯೇ ಮಾಡಿಸಿ 2009ರಲ್ಲಿ ಹೊರಬಂದ ವರದಿ, ಗೆರೆಯನ್ನು 80 ಅಥವಾ 85ಕ್ಕೆ ಇಳಿಸಿ, ಬ್ಲಾಕಿನ ಒತ್ತಡ ಬಿಟ್ಟು ಕ್ಯಾಮೆರಾದಿಂದ ದೇಹದ ಚಲನೆ ನೋಡಿ ಎಂದು ಶಿಫಾರಸು ಮಾಡಿತು. ಬ್ಲಾಕಿನ ಒತ್ತಡ ಏರುವ ಮೊದಲೇ ಕೈ ನೆಲ ಬಿಟ್ಟಿರಬಹುದಲ್ಲ! ಇತ್ತ ಬೀಜಿಂಗ್ 2008ರ ಅಂಕಿಗಳನ್ನು ಜಾಲಾಡಿದ 2011ರ ಅಮೆರಿಕನ್ ಅಧ್ಯಯನದ ಲೆಕ್ಕವೇ ಬೇರೆ: ಪುರುಷರಿಗೆ 109, ಮಹಿಳೆಯರಿಗೆ 121 ಮಿಲಿಸೆಕೆಂಡಿಗಿಂತ ಬೇಗ ಸಾಧ್ಯವಿಲ್ಲ. ಮಹಿಳೆಯರ ನರ ನಿಧಾನ ಎಂದಲ್ಲ. ಒತ್ತಡದ ಮಿತಿ ಎಲ್ಲರಿಗೂ ಒಂದೇ ಇದ್ದದ್ದರಿಂದ ಅವರು ಅದನ್ನು ತಲುಪುವುದು ತಡ. ಮಿತಿಯನ್ನು ಶೇ 22ರಷ್ಟು ಇಳಿಸಿದರೆ ವ್ಯತ್ಯಾಸ ಮಾಯ. ಹಾಗಿದ್ದರೆ ಊಹಿಸಿ ಹೊರಟು 0.110ಕ್ಕೆ ಪಾರಾದ ಓಟಗಾರ್ತಿಯೂ ಇರಬಹುದು, ಕೇಳಿ ಹೊರಟು 0.099ಕ್ಕೆ ಸಿಕ್ಕಿಬಿದ್ದ ಓಟಗಾರನೂ ಇರಬಹುದು.

ಯೂಜೀನ್‌ನಲ್ಲಿ ಒಟ್ಟಾರೆ ಸಮಯಗಳೇ ಹಿಂದಿನ ಕೂಟಗಳಿಗಿಂತ ಚುರುಕಾಗಿದ್ದವು ಎಂಬುದನ್ನು ಅಂಕಿಅಂಶ ನೋಡುವವರು ಆಗಲೇ ಗುರುತಿಸಿದ್ದರು. ಎಲ್ಲರ ಪ್ರತಿಕ್ರಿಯೆಯೂ ಒಂದೇ ವಾರದಲ್ಲಿ ಸುಧಾರಿಸಿತು ಎನ್ನುವುದಕ್ಕಿಂತ, ಅಳೆಯುವ ಏರ್ಪಾಡಿನಲ್ಲಿ ಏನೋ ಬೇರೆ ಇತ್ತು ಎನ್ನುವುದೇ ನಂಬಲು ಸುಲಭ.

ಗೆರೆ ಈಗಲೂ ಅಲ್ಲೇ ಇದೆ. 0.100ಕ್ಕಿಂತ ಕಡಿಮೆ ಬಂದರೆ ಸ್ಟಾರ್ಟರ್ ಕಿವಿಯ ಹೆಡ್‌ಫೋನಿನಲ್ಲಿ ಬೀಪ್ ಕೇಳುತ್ತದೆ, ಓಟ ನಿಲ್ಲುತ್ತದೆ. ಪರದೆಯಲ್ಲಿ ಒತ್ತಡದ ಅಲೆಯನ್ನು ನೋಡುತ್ತಾರೆ: ಸಪಾಟಾದ ಗೆರೆ ಯಾವ ಬಿಂದುವಿನಲ್ಲಿ ಬಾಗಿತು ಎಂದು. ಪ್ರಮಾಣೀಕೃತ ಯಂತ್ರವೇ ಫಾಲ್ಸ್ ಸ್ಟಾರ್ಟ್ ಎಂದು ತೋರಿಸಿದ್ದರೆ, ಅದರ ಮಾಹಿತಿ ಕಣ್ಣಿಗೆ ಕಾಣುವಷ್ಟು ಅಸಂಬದ್ಧ ಎಂದು ರೆಫರಿಗೆ ಅನ್ನಿಸದ ಹೊರತು, ‘ಆಕ್ಷೇಪ ಇಟ್ಟುಕೊಂಡೇ ಓಡುತ್ತೇನೆ’ ಎನ್ನಲೂ ಓಟಗಾರನಿಗೆ ಅವಕಾಶವಿಲ್ಲ.